ನಮ್ಮವರ ನಕ್ಷತ್ರ, ನಮ್ಮ ಉಪಗ್ರಹ

ನಮ್ಮ ಯಜಮಾನರಿಗೆ ಮುದಿ ನಕ್ಷತ್ರಗಳ ಹುಚ್ಚು. ನಾರಾಯಣಗೂಡದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾರೆ. ಉಳಿದ ಹೊತ್ತೆಲ್ಲ, ಎಲ್ಲೋ ದೂರದಲ್ಲಿರುವ ರೇಡಿಯೊ ದೂರದರ್ಶಕದಿಂದ ಬಂದ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಜಾಲಾಡುತ್ತಾರೆ. ಮುಪ್ಪಾದ ಕೆಲವು ನಕ್ಷತ್ರಗಳಿಂದ ಒಂದು ಗೊತ್ತಾದ ತರಂಗದಲ್ಲಿ ಬಲು ಕ್ಷೀಣವಾದ ಸದ್ದು ಬರುತ್ತದಂತೆ. ಅದನ್ನು ಕೇಳುವುದಕ್ಕೆಂದೇ ಆ ತರಂಗಗಳನ್ನು ಖಗೋಳದವರಿಗೆ ಮೀಸಲಿಟ್ಟಿದ್ದಾರೆ. ಅದರ ಪಕ್ಕದ ತರಂಗಗಳು ಉಪಗ್ರಹಗಳ ಪಾಲು. ಮಾದಾಪುರದಲ್ಲಿ ನಾನು ಕೆಲಸ ಮಾಡುವ ಸಣ್ಣ ಕಂಪನಿ ಅಂಥ ಉಪಗ್ರಹಗಳನ್ನೇ ನಡೆಸುತ್ತದೆ. ಅವರದು ಕೇಳುವ ಕೆಲಸ, ನನ್ನದು ಕೂಗುವ ಕೆಲಸ. ಮನೆಯಲ್ಲೂ ಹಾಗೆಯೇ ಎಂದು ನಮ್ಮತ್ತೆ ನಗುತ್ತಿದ್ದರು.

ಒಂದು ಸಂಜೆ ನಮ್ಮವರು ಚಪ್ಪಲಿ ಕಳಚುವುದನ್ನೂ ಮರೆತು ಒಳಗೆ ಬಂದರು. ಇದುವರೆಗೆ ಯಾರೂ ಕಾಣದ ನಕ್ಷತ್ರವೊಂದು ಸಿಕ್ಕಿದೆ, ಶೇಂಗಾ ಹೋಳಿಗೆ ಮಾಡು ಎಂದರು. ಮಾಡಿದೆ. ತಿನ್ನುತ್ತಲೇ ಲ್ಯಾಪ್‌ಟಾಪನ್ನು ನನ್ನತ್ತ ತಿರುಗಿಸಿದರು. ಪರದೆಯ ಮೇಲೆ ಒಂದು ಗೆರೆ ಮೆಲ್ಲಗೆ ಏರಿ, ಮೆಲ್ಲಗೆ ಇಳಿದು ಗೂನಿನಂತೆ ಕಾಣುತ್ತಿತ್ತು.

ಆ ಗೂನು ನನಗೆ ದಿನವೂ ಆಫೀಸಿನಲ್ಲಿ ಕಾಣುವಂಥದ್ದು. ನಮ್ಮ ಉಪಗ್ರಹ ಒಂದು ಕಡೆಯಿಂದ ಎದ್ದು, ನೆತ್ತಿ ದಾಟಿ, ಇನ್ನೊಂದು ಕಡೆ ಮುಳುಗುವಾಗ ಗೆರೆ ಹಾಗೆಯೇ ಏರಿಳಿಯುತ್ತದೆ. ತುಪ್ಪ ಸುರಿದುಕೊಂಡು ಮಗುವಿನ ಹಾಗೆ ತಿನ್ನುತ್ತಿದ್ದ ಮನುಷ್ಯನಿಗೆ ಆ ಮಾತು ಹೇಗೆ ಹೇಳುವುದು? "ಚಂದ ಐತ್ರಿ" ಎಂದೆ.

ಮರುದಿನ ಆಫೀಸಿನಲ್ಲಿ ನಮ್ಮ ಉಪಗ್ರಹ ಹಾದುಹೋದ ವೇಳೆಯನ್ನು ಅವರ ಗೆರೆಯ ವೇಳೆಗೆ ತಾಳೆ ಹಾಕಿದೆ. ಕೂಡಿತು. ಅದರಾಚೆಯ ಬೆಳಿಗ್ಗೆ ಅವರನ್ನು ಸ್ಕೂಟರಿನಲ್ಲಿ ಕೂಡಿಸಿಕೊಂಡು ಮಿಯಾಪುರ ಮೆಟ್ರೊಗೆ ಬಿಡಲು ಹೊರಟಾಗ ಹೇಳಿದೆ. ಮುಖ ನೋಡದೆ ಹೇಳಬಹುದಲ್ಲ.

"ರೀ, ಅದು ನಕ್ಷತ್ರ ಅಲ್ರಿ. ನಮ್ಮ ಉಪಗ್ರಹ."

ಸಿಗ್ನಲ್ಲಿನಲ್ಲಿ ನಿಂತಾಗ, "ಖರೇನ?" ಎಂದರು.

"ಖರೇ. ತಾಳೆ ಹಾಕಿ ನೋಡೀನಿ."

ಸ್ಟೇಷನ್ನಿನ ಮುಂದೆ ಇಳಿದು ಹೆಲ್ಮೆಟ್ ಕೈಗಿಟ್ಟರು. "ಹಂಗಾದ್ರ ನಿಮ್ಮವರು ಬದು ಒತ್ಯಾರ ಅನ್ನು." ರಾಯಚೂರಿನ ಅವರ ಊರ ಕಡೆ, ಪಕ್ಕದ ಹೊಲದವ ಉಳುವಾಗ ನಡುವಿನ ಬದುವನ್ನು ಗೇಣು ಗೇಣಾಗಿ ನಮ್ಮ ಹೊಲದತ್ತ ಸರಿಸಿದರೆ ಹಾಗನ್ನುತ್ತಾರೆ. ನಗಲು ನೋಡಿದರು, ಆಗಲಿಲ್ಲ. ಎಷ್ಟೋ ವರ್ಷ ಕಿವಿಗೊಟ್ಟು ಕೂತ ಮನುಷ್ಯನಿಗೆ ಕೊನೆಗೆ ಕೇಳಿಸಿದ್ದು ಹೆಂಡತಿಯ ಕಂಪನಿಯ ಗದ್ದಲ.

ಆಫೀಸಿಗೆ ಹೋದವಳೇ ಸಾಹೇಬರ ಮುಂದೆ ನಿಂತೆ. ನಮ್ಮ ಸದ್ದು ಪಕ್ಕದ ಮೀಸಲು ತರಂಗಕ್ಕೆ ಸೋರುತ್ತಿದೆ, ಉಪಗ್ರಹ ಆ ದೂರದರ್ಶಕದ ಮೇಲೆ ಹಾಯುವಷ್ಟು ಹೊತ್ತು ಅಂಚಿನ ಚಾನೆಲ್‌ಗಳನ್ನು ಬಂದ್ ಮಾಡೋಣ ಎಂದೆ. ಗಿರಾಕಿಗಳು ಬೈಯುತ್ತಾರೆ ಎಂದರು. ಇಷ್ಟು ಸಣ್ಣ ಸದ್ದು ಯಾರಿಗೆ ಕೇಳಿಸುತ್ತದಮ್ಮ ಎಂದು ತೆಲುಗಿನಲ್ಲಿ ನಕ್ಕರು.

"ನಮ್ಮ ಮನೆಯಲ್ಲಿ ಒಬ್ಬರಿಗೆ ಕೇಳಿಸುತ್ತದೆ ಸಾರ್" ಎಂದು ನಾನೂ ತೆಲುಗಿನಲ್ಲೇ ಹೇಳಿದೆ. ನಾನು ಮಾತ್ರ ನಗಲಿಲ್ಲ.

ಆಮೇಲೆ ಬೆನ್ನು ಹತ್ತಿದ ಬೇತಾಳದ ಹಾಗೆ ಅವರ ಹಿಂದೆ ಬಿದ್ದೆ. ಮಳೆಗಾಲ ಮುಗಿಯುವ ಹೊತ್ತಿಗೆ, ನೋಡೋಣ, ಒಮ್ಮೆ ಮಾಡಿ ನೋಡು ಎಂದರು. ಉಪಗ್ರಹಕ್ಕೆ ಕಳಿಸುವ ಆ ಆದೇಶವನ್ನು ನಾನೇ ಕೂತು ಬರೆದೆ. ಮನೆಯಲ್ಲಿ ಬಾಯಿ ಬಿಡಲಿಲ್ಲ. ಇನ್ನೊಮ್ಮೆ ನಮ್ಮವರಿಗೆ ಆಸೆ ತೋರಿಸುವ ಧೈರ್ಯ ನನಗಿರಲಿಲ್ಲ.

ಕೆಲವು ವಾರಗಳ ಮೇಲೆ ಒಂದು ಮಧ್ಯಾಹ್ನ, ಆಫೀಸಿನ ಕ್ಯಾಂಟೀನಿನಲ್ಲಿದ್ದಾಗ ಅವರ ಫೋನ್ ಬಂತು. ಕಾಲೇಜಿನ ಹೊತ್ತಿನಲ್ಲಿ ಫೋನ್ ಮಾಡುವವರಲ್ಲ.

"ಹೊಸಾ ಮಾಹಿತಿ ಬಂದೈತಿ. ಅದೇ ಜಾಗ, ಅದೇ ತರಂಗ."

"ಏನೈತ್ರಿ ಅದರಾಗ?"

"ಏನೂ ಇಲ್ಲ" ಎಂದರು. "ಗೆರಿ ಸಪಾಟ ಐತಿ. ಭಾಳ ಶಾಂತ ಐತಿ. ನೀ ಮಾಡಿಸಿದ್ಯಾ?"

ಹೂಂ ಎಂದೆ. "ಇನ್ನ ಹುಡುಕತೀನಿ" ಎಂದರು.