ಮಂಗಳನ ನೀಲಿ ಸಂಜೆ

ಮೂಡಿಗೆರೆಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇತ್ತು. ಮಂಗಳ ಗ್ರಹದ ನೆಲದಲ್ಲಿ ಓಡಾಡುವ ರೋವರ್ ಯಂತ್ರ ಕಳಿಸುವ ಚಿತ್ರಗಳು ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಸಿಗುತ್ತವೆಂದು ತಿಳಿದ ಮೇಲೆ, ಗಿರಾಕಿಗಳಿಲ್ಲದ ಮಧ್ಯಾಹ್ನ ನಾನೂ ನನ್ನ ಹೆಂಡತಿಯೂ ಅವನ್ನು ನೋಡುತ್ತ ಕೂರುತ್ತಿದ್ದೆವು. ಬರುವುದೆಲ್ಲ ಕಪ್ಪು ಬಿಳುಪು. ಬೇರೆ ಬೇರೆ ಫಿಲ್ಟರಿನಲ್ಲಿ ತೆಗೆದ ಒಂದೇ ನೋಟದ ಮೂರು ಚಿತ್ರಗಳನ್ನು ಒಂದರ ಮೇಲೊಂದು ಕೂರಿಸಿದರೆ ಬಣ್ಣ ಮೂಡುತ್ತಿತ್ತು.

"ಅಷ್ಟು ಕೆಂಪು ಬ್ಯಾಡ ಮಾರಾಯ್ರೆ, ಕುಂಕುಮ ಚೆಲ್ಲಿದ ಹಾಗಾಯ್ತು," ಎಂದು ಅವಳು ನಗುತ್ತಿದ್ದಳು.

ಅವಳಿಗೆ ಕ್ಯಾನ್ಸರ್ ಎಂದು ಗೊತ್ತಾದ ವರ್ಷ ಅಲ್ಲಿನ ಸೂರ್ಯಾಸ್ತದ ಚಿತ್ರ ಬಂತು. ಬಣ್ಣ ಕೂಡಿಸಿದರೆ ಸೂರ್ಯನ ಸುತ್ತ ಆಕಾಶ ನೀಲಿ. ತಪ್ಪಾಯಿತೆಂದು ಮತ್ತೆ ಮಾಡಿದೆ. ಮತ್ತೆ ನೀಲಿಯೇ. ಅಲ್ಲಿನ ಧೂಳಿನಿಂದಾಗಿ ಸಂಜೆ ನಿಜಕ್ಕೂ ನೀಲಿಯೆಂದು ಆಮೇಲೆ ಓದಿ ತಿಳಿಯಿತು. ಪ್ರಿಂಟ್ ಹಾಕಿ ಆಸ್ಪತ್ರೆಗೆ ಒಯ್ದೆ. ಅವಳು ಬಹಳ ಹೊತ್ತು ನೋಡಿದಳು.

"ಅಲ್ಲಿ ಯಾರೂ ಇಲ್ಲ ಅಲ್ದಾ?"

"ಯಾರೂ ಇಲ್ಲ."

"ಇಷ್ಟು ಚಂದ ಇದ್ದೂ ನೋಡೋರಿಲ್ಲ, ಪಾಪ."

ಆ ವಾರವೇ ಅವಳು ತೀರಿಕೊಂಡಳು. ರೋವರ್ ಚಿತ್ರ ಕಳಿಸುತ್ತಲೇ ಇತ್ತು. ಒಮ್ಮೆ ತೆರೆದೆ, ಒಬ್ಬನೇ ನೋಡಲಾಗಲಿಲ್ಲ. ಸ್ಟುಡಿಯೋದ ಷಟರ್ ಎಳೆದು, ಬಸ್ಸು ಹತ್ತಿ ಬಣಕಲ್ಲಿನ ಅವಳ ತವರಿಗೆ ಹೋದೆ. ಅವಳಮ್ಮ ಕಾಫಿ ತಂದಿಟ್ಟು ಪಕ್ಕದಲ್ಲಿ ಕೂತರು. ಅಷ್ಟು ದಿನ ತಡೆದಿದ್ದ ಅಳು ಅಲ್ಲಿ ಬಂತು.