ಖಾಡಿ ಗಾಳಿಗೆ ಬಿಚ್ಚದ ಗಂಟು

ಮೊದಲ ಲೋಕಲ್ ರೈಲು ದಹಿಸರ್ ಸ್ಟೇಷನ್ ದಾಟುವ ಸದ್ದು ಹೆದ್ದಾರಿಯವರೆಗೂ ಕೇಳುತ್ತದೆ. ಸುಂಕ ವಸೂಲಿಯ ಜಕಾತಿ ನಾಕಾದ ಪಕ್ಕ ನಿಂತ ಕ್ಯಾಂಟೀನ್ ವ್ಯಾನಿನ ನೆತ್ತಿಯ ಮೇಲೆ ಅಖ್ತರಿ ಸೆರಗು ಬಿಗಿದು ಮಂಡಿಯೂರಿದ್ದಾರೆ. ವ್ಯಾನಿನ ಮಗ್ಗುಲಿಗೆ ಚಾಚುವ ಕ್ಯಾನ್ವಾಸ್ ಚಪ್ಪರವನ್ನು ಕಬ್ಬಿಣದ ಕೊಳವೆಗೆ ಸುತ್ತುತ್ತಿದ್ದಾರೆ. ಕಾಂದಿವಲಿಯ ಕಾರ್ಖಾನೆಯವರು ಇದರ ನೆರಳಲ್ಲಿ ನಿಂತೇ ಇಡ್ಲಿ ತಿನ್ನುತ್ತಾರೆ. ವ್ಯಾನು ದಿನಾ ಕಾಂದಿವಲಿಗೆ, ವಾರಕ್ಕೊಮ್ಮೆ ಗುಜರಾತದ ವಾಪಿಗೆ ಹೋಗುತ್ತದೆ. ಆಗ ಚಪ್ಪರ ಮಡಚಿಕೊಂಡು ಕದಲದೆ ಕೂರಬೇಕು.

ಸುತ್ತಿದ ಮೇಲೆ ಅಂಗೈಯಿಂದ ಹೊಡೆಯುತ್ತಾರೆ. ಢಬ್ ಅಂದರೆ ಒಳಗೆ ಗಾಳಿಯಿದೆ, ಮತ್ತೆ ಸುತ್ತಬೇಕು. ಟಪ್ ಅಂದರೆ ಸರಿ. ಹಗ್ಗ ಕ್ಯಾನ್ವಾಸನ್ನು ಸವೆಸದಂತೆ ನಡುವೆ ಹಳೆಯ ಇಳಕಲ್ ಸೀರೆಯ ಅಂಚು ಇಡುತ್ತಾರೆ.

"ಈ ಸೀರಿ ಉಟ್ಟು ವಿಜಾಪುರದಿಂದ ಬಂದೆರೀ. ನಾ ಇಲ್ಲೇ ಉಳದೆ, ಅದು ವಾರಾವಾರ ಗುಜರಾತ ನೋಡಾಕ ಹೊಂಟೈತಿ!"

ಮೊದಲು ಈ ಕೆಲಸ ಗಂಡ ಕರೀಮಸಾಬರದಾಗಿತ್ತು. ಲಾರಿಯಿಂದ ಮೂಟೆ ಬಿದ್ದು ಅವರ ಭುಜ ಮುರಿಯಿತು, ತೋಳು ಮೇಲೇಳದಾಯಿತು. ಅಖ್ತರಿ ಏಣಿ ಹತ್ತಿದರು. ಬೇಸಿಗೆಯಲ್ಲಿ ತಗಡು ಮಂಡಿ ಸುಡುತ್ತದೆ, ಮಳೆಯಲ್ಲಿ ಹಗ್ಗ ಅಂಗೈ ಸುಲಿಯುತ್ತದೆ. ಅದನ್ನು ಅವರು ಹೇಳುವುದಿಲ್ಲ. ಹೇಳುವುದು ಇನ್ನೊಂದನ್ನು. ಗಂಡನ ಗಂಟನ್ನು ಯಾವ ಡ್ರೈವರನೂ ಮುಟ್ಟುತ್ತಿರಲಿಲ್ಲ. ಇವರದನ್ನು ಎಲ್ಲರೂ ಬಿಚ್ಚಿ, ತಾವೇ ಮತ್ತೆ ಕಟ್ಟಿಕೊಂಡು ಹೋಗುತ್ತಾರೆ.

"ದಿನಾ ಮನಿಗೆ ಹೋದಕೂಡ್ಲೆ ನಮ್ಮ ಯಜಮಾನ್ರು ಕೇಳ್ತಾರ, 'ಇವತ್ತ ಯಾರು ಬಿಚ್ಚಿದ್ರು?' ಅಂತ."

ಹೋದ ವಾರ ಸಮುದ್ರದ ನೀರು ಒಳನುಗ್ಗುವ ವಸಈ ಖಾಡಿಯ ಸೇತುವೆ ಮೇಲೆ ಚಪ್ಪರ ಬಿಚ್ಚಿಕೊಂಡು ಮುಂದಿನ ಗಾಜಿಗೆ ಬಡಿಯಿತು. ಎದುರಿನ ದಾರಿ ಕಾಣದೆ ಡ್ರೈವರ್ ಚೆನ್ನಯ ಬ್ರೇಕ್ ಒತ್ತಿದಾಗ ವ್ಯಾನು ಕಟಕಟೆಗೆ ತಾಗಿ ನಿಂತಿತು. ಗಂಟು ಅಖ್ತರಿಯದೆಂದು ಅವನು ಮಾಲಕ ಕೊರಗಪ್ಪನವರಿಗೆ ಹೇಳಿದ. ಇವತ್ತು ಕೊರಗಪ್ಪನವರೇ ಬಂದು ಕೆಳಗೆ ನಿಂತಿದ್ದಾರೆ. ಅಖ್ತರಿಯ ಜಾಗಕ್ಕೆ ಬೇರೆ ಆಳನ್ನು ನೋಡಿದ್ದಾರೆಂದು ನಾಕಾದಲ್ಲಿ ಸುದ್ದಿ.

ಚೆನ್ನಯ ಅಭ್ಯಾಸದಂತೆ ಏಣಿ ಹತ್ತಿ ಗಂಟಿಗೆ ಕೈಹಾಕುತ್ತಾನೆ.

"ಸ್ವಲ್ಪ ಬಿಗಿ ಮಾಡ್ತೇನೆ ಅಖ್ತರಿಯಕ್ಕ. ಹೆಂಗಸರ ಕೈಯಲ್ಲಿ ಎಷ್ಟು ಶಕ್ತಿ ಉಂಟು?"

"ಬಿಚ್ಚೋ ಅಣ್ಣಾ, ಬ್ಯಾಡನ್ನಂಗಿಲ್ಲ. ಹೋದ ವಾರ ಸೇತುವಿ ಮ್ಯಾಲ ಬಿಚ್ಚಿದ್ದು ಯಾರ ಗಂಟು? ಧಣ್ಯಾರ ಮುಂದ ಅಷ್ಟು ಹೇಳಿ ಬಿಚ್ಚು."

ಕೊರಗಪ್ಪನವರು ಬಾಯಿಂದ ಬೀಡಿ ತೆಗೆಯುತ್ತಾರೆ. "ಎಂಥದಾ ಚೆನ್ನಯ? ನೀನು ಕಟ್ಟಿದ್ದಾ?"

ಅವನು ಗಂಟನ್ನು ನೋಡುತ್ತಾನೆ, ಮಾಲಕರನ್ನು ನೋಡುವುದಿಲ್ಲ. "ನಂದೇ ಧಣಿ." ಆಮೇಲೆ ಅಖ್ತರಿಯ ಕಡೆ ತಿರುಗಿ, "ಸಾಕಲ್ಲ ಮಾರಾಯ್ತಿ?"

ಹಗ್ಗದಿಂದ ಕೈ ತೆಗೆದು ಇಳಿಯುತ್ತಾನೆ. ವ್ಯಾನು ಹೊರಡುತ್ತದೆ. ಮೇಲೆ ಸೀರೆಯ ಕೆಂಪು ಅಂಚು ತಿರುವಿನವರೆಗೂ ಕಾಣುತ್ತದೆ.

ಅಖ್ತರಿ ಸೆರಗಿನಿಂದ ಅಂಗೈ ಒರೆಸಿಕೊಳ್ಳುತ್ತಾರೆ. "ಇವತ್ತ ಮನಿಯಾಗ ಹೇಳಾಕ ಒಂದು ಮಾತೈತಿ," ಅನ್ನುತ್ತಾರೆ. ಆಮೇಲೆ, "ವಾಪಿಗೆ ಹೋಗಿ ಆ ಗಂಟು ಬಿಚ್ಚಾಕ ಚೆನ್ನಯಣ್ಣಗ ಭಾಳ ಹೊತ್ತು ಹಿಡೀತೈತಿ. ಹಿಡೀಲಿ."