ಹಲ್ಲು ಕಟ್ಟಿಸುವ ಮುನ್ನ

ಬ್ಲೌಸಿನ ಡಿಸೈನ್ ಆರಿಸಲಾಗದೆ ಒದ್ದಾಡುವ ಹೆಂಗಸರನ್ನು ನಾನು ಮನಸ್ಸಿನಲ್ಲೇ ಎಷ್ಟು ಬೈದಿದ್ದೇನೋ, ಅದೆಲ್ಲ ಬಡ್ಡಿ ಸಮೇತ ಈಗ ನನಗೇ ವಾಪಸು ಬಂದಿದೆ. ನ್ಯಾಮತಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ನನ್ನ ಮೇಲಿನ ಸಾಲಿನಲ್ಲಿ ಮೂರು ಹಲ್ಲು ಹೋಗಿವೆ, ಒಂದಂತೂ ಎದುರಿನದೇ.

ಊಟದ ಚಿಂತೆಯಿಲ್ಲ, ರೊಟ್ಟಿಯನ್ನು ಸಾರಿನಲ್ಲಿ ನೆನೆಸಿದರಾಯಿತು. ಹೋಗಿದ್ದು ನಗು. ಅಂಗಡಿಗೆ ಅರ್ಧ ಜನ ಹೊಲಿಸಲು ಬಂದರೆ ಇನ್ನರ್ಧ ಜನ ನನ್ನ ಜೊತೆ ನಗಲು ಬರುತ್ತಿದ್ದರು. ಈಗ ಬಾಯಿ ಬಿಗಿಹಿಡಿದು ಬರೀ ಹೂಂಗುಟ್ಟುವ ನನಗೆ ಸೊಕ್ಕು ಬಂದಿದೆ ಎಂದು ಮಾತಾಡಿಕೊಳ್ಳುತ್ತಾರಂತೆ. ಕೇಳಿ ಬಹಳ ನೋವಾಯಿತು.

ಹಾಗಾಗಿ ಹೊನ್ನಾಳಿಯ ಹಲ್ಲಿನ ಡಾಕ್ಟರ ಹತ್ತಿರ ಹೋದೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು, ತಾಳ್ಮೆ ಜಾಸ್ತಿ. ತೆಗೆದು ತೊಳೆದು ಹಾಕಿಕೊಳ್ಳುವ ಮೂರು ನಮೂನೆಯ ಸೆಟ್ಟುಗಳನ್ನು ಮೇಜಿನ ಮೇಲಿಟ್ಟರು. ಅಕ್ರಿಲಿಕ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನದು ಒಸಡಿನಂತೆ ಗುಲಾಬಿ ಬಣ್ಣ, ಆದರೆ ದಪ್ಪ, ಅಂಗುಳನ್ನು ಮುಚ್ಚಿಬಿಡುತ್ತದೆ. ಲೋಹದ್ದು ತೆಳುವು, ಗಟ್ಟಿ, ಕಾಫಿಯ ಬಿಸಿಯೂ ತಿಳಿಯುತ್ತದಂತೆ. ಆದರೆ ಉಳಿದ ಹಲ್ಲಿಗೆ ಸಿಕ್ಕಿಸುವ ಕೊಕ್ಕೆ ಮಿಂಚುತ್ತದೆ. ಮೂರನೆಯದು ಮೆತ್ತಗೆ ಬಗ್ಗುವಂಥದ್ದು, ಕೊಕ್ಕೆಯೂ ಒಸಡಿನ ಬಣ್ಣದ್ದೇ. ಒಂದನ್ನು ಕೈಗೆತ್ತಿಕೊಂಡರೆ ಇನ್ನೊಂದು ಚೆನ್ನಾಗಿ ಕಾಣುತ್ತಿತ್ತು.

ದಿಕ್ಕು ತೋಚದೆ ಅಲ್ಲಿಂದಲೇ ಸಾಸ್ವೆಹಳ್ಳಿಯ ನಾದಿನಿಗೆ ಫೋನ್ ಮಾಡಿದೆ.

"ಲೋಹದ್ದೇ ಹಾಕಿಸ್ರಿ ಅತ್ತಿಗೆ, ಬಾಳಿಕೆ ಬರ್ತೈತೆ."

"ಕೊಕ್ಕೆ ಕಾಣ್ತೈತಲ್ಲೇ?"

"ಅದಕ್ಕೆ ಬಂಗಾರದ ಪಾಲಿಶ್ ಮಾಡಾಕೆ ಬರ್ತೈತಾ ಕೇಳ್ರಿ."

ಫೋನಿಟ್ಟ ಮೇಲೆ ತಲೆ ಇನ್ನಷ್ಟು ಕೆಟ್ಟಿತು. ಕೊನೆಗೆ ಬಗ್ಗುವುದನ್ನೇ ಮುಟ್ಟಿ "ಇದೇ ಇರಲಿ" ಎಂದೆ.

ಡಾಕ್ಟರು ನನ್ನ ಬಾಯಿಗೆ ಇನ್ನೊಮ್ಮೆ ಟಾರ್ಚು ಹಿಡಿದು, "ಅಮ್ಮಾ, ಪಕ್ಕದ ಹಲ್ಲೂ ಅಲ್ಲಾಡ್ತೈತ್ರೀ. ನಾಳೆ ಅದು ಬಿದ್ರೆ ಅಕ್ರಿಲಿಕ್ಕಿನದಕ್ಕೆ ಇನ್ನೊಂದು ಹಲ್ಲು ಸೇರಿಸಾಕೆ ಸುಲಭ. ಇದಕ್ಕೆ ಕಷ್ಟ" ಎಂದರು.

ನನಗೆ ಸಿಟ್ಟೇ ಬಂತು. ಬದುಕಿರುವ ಹಲ್ಲಿಗೆ ಈಗಲೇ ತಿಥಿ ಮಾಡುತ್ತಾರಲ್ಲ!

ಸಿಟ್ಟು ಇಳಿದ ಮೇಲೆ ನನ್ನದೇ ಕಸುಬು ನೆನಪಾಯಿತು. ಮದುವೆಯ ಬ್ಲೌಸ್ ಹೊಲಿಯುವಾಗ ನಾನು ಯಾವ ಹುಡುಗಿಗೂ ನೀನು ಮುಂದೆ ದಪ್ಪಗಾಗುತ್ತೀ ಎಂದು ಹೇಳುವುದಿಲ್ಲ. ಸುಮ್ಮನೆ ಒಳಗೆ ಎರಡು ಬೆರಳು ಬಟ್ಟೆ ಬಿಟ್ಟಿರುತ್ತೇನೆ. ಬಾಣಂತನ ಮುಗಿಸಿ ಬಂದವಳಿಗೆ ಹೊಲಿಗೆ ಬಿಚ್ಚಿ ಕೊಟ್ಟರೆ ಅದೇ ಬ್ಲೌಸ್ ತೊಟ್ಟು ಖುಷಿಯಾಗಿ ಹೋಗುತ್ತಾಳೆ. ಇದರಿಂದ ಯಾರಿಗೂ ಅವಮಾನವಾಗಿದ್ದನ್ನು ನಾನು ಕಂಡಿಲ್ಲ.

"ಡಾಕ್ಟ್ರೇ, ಒಳಗೆ ಬಟ್ಟೆ ಬಿಡಾಕೆ ಆಗೋದನ್ನೇ ಮಾಡ್ರಿ" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಬ್ಲೌಸಿನ ಲೆಕ್ಕ ಬಿಡಿಸಿ ಹೇಳಿ, ಅಕ್ರಿಲಿಕ್ಕಿನದೇ ಇರಲಿ ಎಂದೆ. ಹೇಳುತ್ತ ಹೇಳುತ್ತ ನನಗೇ ನಗು ಬಂತು, ಅವರಿಗೂ ಬಂತು. ಹೊರಗೆ ಕೆನ್ನೆ ಹಿಡಿದು ಕೂತವರು ಬಾಗಿಲಲ್ಲಿ ಇಣುಕುವಷ್ಟು ನಕ್ಕೆವು.

ಬಾಯಿಯ ಅಳತೆ ಕೊಡುವ ಮೊದಲೇ ಬಾಯಿ ತುಂಬ ನಕ್ಕುಬಿಟ್ಟಿದ್ದೆ. ಹಾಗಾದರೆ ಸೆಟ್ಟು ಯಾತಕ್ಕೆ ಎಂಬ ಹೊಸ ಗೊಂದಲ ಈಗ ಶುರುವಾಗಿದೆ.